ತಾಯಿಯಿಲ್ಲದ ಮನೆಯ ಪ್ರೇಮಕಥೆ

ಇಂಗ್ಲಿಷ್ ಪ್ರೇಮಕಾದಂಬರಿಗಳ ಮಾರುಕಟ್ಟೆಯಲ್ಲಿ ಇವತ್ತು ಚೆನ್ನಾಗಿ ಓಡುವ ನಾಯಕರಲ್ಲಿ ಒಂಟಿ ತಂದೆಯೂ ಒಬ್ಬ. ಹೆಂಡತಿ ತೀರಿಕೊಂಡಿರುತ್ತಾಳೆ, ಇಲ್ಲವೇ ಬಿಟ್ಟುಹೋಗಿರುತ್ತಾಳೆ. ಐದಾರು ವರ್ಷದ ಮಗುವೊಂದು ಅವನ ಕೈಯಲ್ಲಿರುತ್ತದೆ. ಆ ಮಗುವನ್ನು ನೋಡಿಕೊಳ್ಳಲು ಬಂದವಳೋ, ಅದರ ಶಾಲೆಯ ಟೀಚರೋ, ಪಕ್ಕದ ಮನೆಯ ಹುಡುಗಿಯೋ ಕಥೆಯ ನಾಯಕಿ. ಒಳ್ಳೆಯ ಕಾದಂಬರಿಗೆ ಬೇಕಾದುದೆಲ್ಲ ಈ ಸನ್ನಿವೇಶದಲ್ಲಿದೆ: ಸಾವು, ಹಂಬಲ, ಹೊಣೆ, ಅಂಜಿಕೆ. ಆದರೂ ಇಂಥ ಪುಸ್ತಕ ಕೈಗೆತ್ತಿಕೊಂಡವರಿಗೆ ಎಷ್ಟೋ ಸಲ ನಿರಾಶೆಯೇ ಆಗುತ್ತದೆ. ಮಗು ಮುದ್ದಾಗಿ ಮಾತಾಡುತ್ತದೆ, ಇಬ್ಬರನ್ನು ಹತ್ತಿರ ತರುತ್ತದೆ, ಅವರಿಗೆ ಏಕಾಂತ ಬೇಕಾದಾಗ ಅಜ್ಜಿಯ ಮನೆಗೆ ಹೋಗುತ್ತದೆ. ತಂದೆಯ ತಂದೆತನ ಮೊದಲ ಅಧ್ಯಾಯದ ಒಂದು ಚಿತ್ರವಾಗಿ ಉಳಿಯುತ್ತದೆ. ಈ ಸೋಲನ್ನು ಒಬ್ಬ ಲೇಖಕಿಯ ಕೈಸೋಲು ಎಂದು ತಳ್ಳಿಹಾಕಿದರೆ ವಿಷಯ ಅರ್ಥವಾಗುವುದಿಲ್ಲ. ಸುಮಾರು ಎರಡು ಶತಮಾನಗಳ ಹಿಂದಿನ ಮನೆವಾರ್ತೆಗೆ ಹೊಂದುವಂತೆ ಕಟ್ಟಿದ ಕಥೆಯ ಚೌಕಟ್ಟನ್ನು, ಆ ಮನೆವಾರ್ತೆ ಮಾಯವಾದ ಮೇಲೂ ಪ್ರಕಾಶನೋದ್ಯಮ ಬಿಡದೆ ಉಳಿಸಿಕೊಂಡು ಬಂದದ್ದೇ ಇದಕ್ಕೆ ಕಾರಣ ಎಂಬುದು ನನ್ನ ವಾದ.

ಹೆಂಡತಿ ಸತ್ತ ಗಂಡಸು ಬೇಗನೆ ಮತ್ತೊಂದು ಮದುವೆಯಾಗುವುದು ಹಳೆಯ ಇಂಗ್ಲೆಂಡಿನಲ್ಲಿ ಯಾರೂ ಹುಬ್ಬೇರಿಸದ ಸಂಗತಿಯಾಗಿತ್ತು. ಚರ್ಚುಗಳ ದಾಖಲೆಗಳನ್ನು ಜಾಲಾಡಿ ರಿಗ್ಲಿ ಮತ್ತು ಸ್ಕೋಫೀಲ್ಡ್ ಎಂಬ ಇತಿಹಾಸಕಾರರು 1981ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 16ನೇ ಶತಮಾನದ ನಡುಭಾಗದಲ್ಲಿ ಮದುವೆಯಾಗುತ್ತಿದ್ದವರಲ್ಲಿ ಸುಮಾರು ಶೇ. 30ರಷ್ಟು ಮಂದಿ ವಿಧುರರು ಅಥವಾ ವಿಧವೆಯರು. 19ನೇ ಶತಮಾನದ ನಡುವಿನ ಹೊತ್ತಿಗೆ ಅದು ಸುಮಾರು ಶೇ. 11ಕ್ಕೆ ಇಳಿದಿತ್ತು. ಆದರೆ ಹೆರಿಗೆಯ ಸಾವು ಅಷ್ಟು ಬೇಗ ಇಳಿಯಲಿಲ್ಲ. 1930ರ ದಶಕದ ನಡುವಿನಲ್ಲಿ ಸಲ್ಫಾ ಔಷಧಗಳು ಬರುವವರೆಗೂ ಅಲ್ಲಿ ಸಾವಿರ ಹೆರಿಗೆಗೆ ನಾಲ್ಕಕ್ಕಿಂತ ಹೆಚ್ಚು ತಾಯಂದಿರು ಸಾಯುತ್ತಿದ್ದರು. ತಬ್ಬಲಿ ಮಕ್ಕಳನ್ನು ಯಾರು ನೋಡಿಕೊಳ್ಳಬೇಕೆಂಬುದು ಸಂಸತ್ತಿನ ಚರ್ಚೆಗೂ ಬಂತು. ಸತ್ತ ಹೆಂಡತಿಯ ತಂಗಿಯನ್ನೋ ಅಕ್ಕನನ್ನೋ ಮದುವೆಯಾಗುವುದನ್ನು 1835ರ ಕಾನೂನು ಅಸಿಂಧುಗೊಳಿಸಿತ್ತು. ಮಕ್ಕಳಿಗೆ ಸ್ವಂತ ಚಿಕ್ಕಮ್ಮನಿಗಿಂತ ಒಳ್ಳೆಯ ಮಲತಾಯಿ ಎಲ್ಲಿ ಸಿಕ್ಕಾಳು ಎಂದು ವಾದಿಸಿದವರು ಆ ಕಾನೂನನ್ನು ಬದಲಿಸಲು 1907ರವರೆಗೆ ಹೋರಾಡಬೇಕಾಯಿತು. ನಾದಿನಿಯನ್ನೇ ಎರಡನೇ ಸಂಬಂಧವಾಗಿ ತಂದುಕೊಳ್ಳುವ ರೂಢಿ ಕನ್ನಡದ ಮನೆಗಳಿಗೂ ಹೊಸದಲ್ಲ. ಇಲ್ಲಿಯೂ ಮೊದಲು ಹೇಳುತ್ತಿದ್ದ ಕಾರಣ ಮಕ್ಕಳದೇ. ಎರಡೂ ಕಡೆ ವಿಧುರನ ಮದುವೆಯಲ್ಲಿ ಒಲವಿಗಿಂತ ಮೊದಲು ಲೆಕ್ಕಕ್ಕೆ ಬರುತ್ತಿದ್ದುದು ತೊಟ್ಟಿಲು, ಒಲೆ ಮತ್ತು ಕಾಯಿಲೆಯ ರಾತ್ರಿಗಳು.

ಈ ಲೆಕ್ಕಾಚಾರವನ್ನು ಪ್ರೇಮಕಥೆಯಾಗಿ ಮಾರ್ಪಡಿಸಿದ ಪುಸ್ತಕಗಳಲ್ಲಿ ಮುಂದಿನವರ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ್ದು ಷಾರ್ಲಟ್ ಬ್ರಾಂಟೆಯ ‘ಜೇನ್ ಐರ್’. ಅದು ಅಚ್ಚಾದದ್ದು 1847ರಲ್ಲಿ. ನಾಲ್ಕು ವರ್ಷಗಳ ನಂತರದ ಜನಗಣತಿ ಇಂಗ್ಲೆಂಡಿನಲ್ಲಿ ಸುಮಾರು 25,000 ಗವರ್ನೆಸ್‌ಗಳನ್ನು ಎಣಿಸಿತು: ಓದಿದ, ಬಡ, ಮದುವೆಯಾಗದ, ಪರರ ಮನೆಯಲ್ಲಿದ್ದು ಪರರ ಮಕ್ಕಳಿಗೆ ಪಾಠ ಹೇಳುವ ಹೆಂಗಸರು. ಜೇನ್ ವರ್ಷಕ್ಕೆ 30 ಪೌಂಡ್ ಸಂಬಳಕ್ಕೆ ಥಾರ್ನ್‌ಫೀಲ್ಡ್‌ಗೆ ಬರುತ್ತಾಳೆ. ಅವಳು ಕಲಿಸಬೇಕಾದ ಅಡೇಲ್ ಮನೆಯ ಯಜಮಾನ ರಾಚೆಸ್ಟರನ ಆಶ್ರಯದಲ್ಲಿರುವ ಹುಡುಗಿ. ತನ್ನ ಮಗಳೆಂದು ಅವನು ಅವಳನ್ನು ಒಪ್ಪಿಕೊಳ್ಳುವುದಿಲ್ಲ. ಬ್ರಾಂಟೆಯ ಪ್ರಾಮಾಣಿಕತೆ ಇಲ್ಲಿ ದೊಡ್ಡದು. ಮದುವೆ ನಿಶ್ಚಯವಾದ ಮೇಲೂ ಜೇನ್ ತನ್ನ 30 ಪೌಂಡ್ ಸಂಬಳ ಮತ್ತು ಪಾಠದ ಕೆಲಸವನ್ನು ಬಿಡಲು ಒಪ್ಪುವುದಿಲ್ಲ, ಏಕೆಂದರೆ ಸಂಬಳ ನಿಂತು ಪ್ರೀತಿ ಶುರುವಾಗುವ ಗಳಿಗೆಯಲ್ಲಿ ತನ್ನ ಸ್ವಾತಂತ್ರ್ಯ ಕೈಜಾರುತ್ತದೆಂದು ಅವಳಿಗೆ ಗೊತ್ತು. ಕೊನೆಯಲ್ಲಿ ಅಡೇಲ್‌ಗೆ ಮತ್ತೆ ಪಾಠ ಹೇಳಬೇಕೆಂದು ಜೇನ್ ಬಯಸಿದರೂ, ಕಣ್ಣು ಕಳೆದುಕೊಂಡ ಗಂಡನ ಆರೈಕೆಗೇ ಅವಳ ಸಮಯವೆಲ್ಲ ಹೋಗುತ್ತದೆ. ಹುಡುಗಿ ಶಾಲೆ ಸೇರುತ್ತಾಳೆ. ಮಗು ಇಬ್ಬರನ್ನು ಒಂದು ಸೂರಿನಡಿ ತಂದಿತು, ಅದರ ಕೆಲಸ ಮುಗಿಯಿತು. ಬ್ರಾಂಟೆ ಈ ನಷ್ಟವನ್ನು ಮುಚ್ಚಿಡದೆ ಬರೆದಳು. ಅವಳನ್ನು ಅನುಸರಿಸಿದವರು ಸಂಬಳದ ಪ್ರಶ್ನೆಯನ್ನು ಕೈಬಿಟ್ಟು, ಮಗುವನ್ನು ಬಳಸಿ ಬದಿಗಿಡುವ ಉಪಾಯವನ್ನು ಮಾತ್ರ ಇಟ್ಟುಕೊಂಡರು.

ಉಪಾಯ ಉದ್ಯಮವಾದದ್ದು 20ನೇ ಶತಮಾನದಲ್ಲಿ. ಜೆರಾಲ್ಡ್ ಮಿಲ್ಸ್ ಮತ್ತು ಚಾರ್ಲ್ಸ್ ಬೂನ್ ಲಂಡನ್ನಿನಲ್ಲಿ 1908ರಲ್ಲಿ ತೆರೆದ ಮಿಲ್ಸ್ ಅಂಡ್ ಬೂನ್ ಮೊದಲು ಎಲ್ಲ ಬಗೆಯ ಪುಸ್ತಕಗಳನ್ನೂ ತರುತ್ತಿತ್ತು. ಬಾಡಿಗೆ ಪುಸ್ತಕಾಲಯಗಳಲ್ಲಿ ಹೆಂಗಸರು ಪ್ರೇಮಕಥೆಗಳನ್ನೇ ಕೇಳುತ್ತಿದ್ದುದನ್ನು ಕಂಡು 1930ರ ದಶಕದಲ್ಲಿ ಅದು ಪೂರ್ತಿಯಾಗಿ ಆ ಕಡೆ ತಿರುಗಿತು. ಕೆನಡಾದ ವಿನಿಪೆಗ್‌ನಲ್ಲಿ 1949ರಲ್ಲಿ ಹುಟ್ಟಿದ ಹಾರ್ಲೆಕ್ವಿನ್ ಆ ಪುಸ್ತಕಗಳನ್ನು 1957ರಿಂದ ಮರುಮುದ್ರಿಸತೊಡಗಿ, 1971ರಲ್ಲಿ ಸಂಸ್ಥೆಯನ್ನೇ ಕೊಂಡುಕೊಂಡಿತು. ನಮ್ಮೂರುಗಳ ಬಾಡಿಗೆ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಹೋಗಿ ಸವೆದ ತೆಳು ಪುಸ್ತಕಗಳು ಈ ಕಾರ್ಖಾನೆಯವೇ. ಚಾರ್ಲ್ಸ್ ಬೂನನ ಮಗ ಅಲನ್ ಬೂನ್ ಸಂಪಾದಕನಾಗಿದ್ದ ಕಾಲದಲ್ಲಿ ಸಂಸ್ಥೆಯ ಕಟ್ಟಳೆಗಳು ಖಚಿತವಾಗಿದ್ದವು: ಕಥೆ ನಾಯಕಿಯ ಕಣ್ಣಿನಿಂದಲೇ ಸಾಗಬೇಕು, ನಾಯಕ ಎಲ್ಲರಿಗಿಂತ ಬಲಿಷ್ಠ ಗಂಡಸಾಗಿರಬೇಕು. ಒಂಟಿ ತಂದೆಯ ಕಥೆಗೆ ಈ ಎರಡೂ ಕಟ್ಟಳೆಗಳು ಮಾರಕವಾದವು. ನಾಯಕಿಯ ಕಣ್ಣಿಗೆ ಬೀಳದ ಹೊತ್ತಿನಲ್ಲಿ, ಅಂದರೆ ಅವಳು ಬರುವ ಮುಂಚಿನ ವರ್ಷಗಳಲ್ಲಿ, ಅವನು ಮಗುವನ್ನು ಹೇಗೆ ಸಾಕಿದ ಎಂಬುದು ಪುಟಕ್ಕೆ ಬರಲಾರದು. ಬಲಿಷ್ಠನೆಂದು ಚಿತ್ರಿಸಬೇಕಾದವನು ಜಡೆ ಹಾಕಲು ಬಾರದೆ, ಜ್ವರಕ್ಕೆ ಹೆದರಿ, ದಣಿದು ಕೂರುವುದನ್ನು ಬರೆಯಲೂ ಆಗದು. ಉಳಿಯುವುದು ಒಂದೇ ದಾರಿ: ತಂದೆ ಬಿಗಿದುಕೊಂಡ ಮುಖದವನು, ಮಗು ಪ್ರೀತಿಗಾಗಿ ಹಂಬಲಿಸುವುದು, ನಾಯಕಿ ಬಂದು ಇಬ್ಬರನ್ನೂ ಬಿಡಿಸುವುದು.

ಈ ಚೌಕಟ್ಟು ಎಷ್ಟು ಗಟ್ಟಿ ಎಂಬುದಕ್ಕೆ, ನಿಜವಾಗಿ ಬದುಕಿದ್ದವರನ್ನೂ ಅದು ತನ್ನ ಅಳತೆಗೆ ಕತ್ತರಿಸಿಕೊಂಡದ್ದೇ ಸಾಕ್ಷಿ. ಆಸ್ಟ್ರಿಯಾದ ನೌಕಾಧಿಕಾರಿ ಗೆಯೋರ್ಗ್ ಫಾನ್ ಟ್ರಾಪ್‌ನ ಹೆಂಡತಿ 1922ರಲ್ಲಿ ಕಾಯಿಲೆಯಿಂದ ತೀರಿಕೊಂಡಾಗ ಅವನ ಮಡಿಲಲ್ಲಿ ಏಳು ಮಕ್ಕಳಿದ್ದರು. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಒಬ್ಬ ಮಗಳಿಗೆ ಪಾಠ ಹೇಳಲೆಂದು ಸಾಲ್ಜ್‌ಬರ್ಗ್‌ನ ಕ್ರೈಸ್ತ ಮಠದಿಂದ ಮಾರಿಯಾ ಬಂದದ್ದು 1926ರಲ್ಲಿ. ಮರುವರ್ಷ ಅವರ ಮದುವೆಯಾಯಿತು. 1949ರಲ್ಲಿ ಬರೆದ ನೆನಪಿನ ಪುಸ್ತಕದಲ್ಲಿ ಮಾರಿಯಾ, ಆಗ ತಾನು ಪ್ರೀತಿಸಿದ್ದು ಮಕ್ಕಳನ್ನು, ಗಂಡನ ಮೇಲಿನ ಪ್ರೀತಿ ಬೆಳೆದದ್ದು ಆಮೇಲೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾಳೆ. ಮಕ್ಕಳು ನೆನೆದ ತಂದೆ ಮೃದು ಸ್ವಭಾವದವನು. ಮಾರಿಯಾ ಬರುವ ಮುಂಚೆಯೂ ಆ ಮನೆಯಲ್ಲಿ ಸಂಗೀತವಿತ್ತು. ಈ ಕಥೆಯನ್ನು ಆಧರಿಸಿದ 1959ರ ನಾಟಕಕ್ಕೂ 1965ರ ‘ದಿ ಸೌಂಡ್ ಆಫ್ ಮ್ಯೂಸಿಕ್’ ಚಿತ್ರಕ್ಕೂ ಇದು ಒಗ್ಗಲಿಲ್ಲ. ಅಲ್ಲಿ ತಂದೆ ಹಾಡನ್ನು ನಿಷೇಧಿಸಿದ ಕಲ್ಲೆದೆಯವನು, ಗವರ್ನೆಸ್ ಬಂದ ಮೇಲೆಯೇ ಮನೆ ಉಸಿರಾಡುತ್ತದೆ, ಮಕ್ಕಳ ಪ್ರೀತಿಗಿಂತ ಯಜಮಾನನ ಪ್ರೀತಿಯೇ ಕಥೆಯ ಗುರಿ. ಮನರಂಜನೆಯಾಗಿ ಆ ಚಿತ್ರ ಜಗತ್ತನ್ನೇ ಗೆದ್ದಿತು. ಆದರೆ ಮಕ್ಕಳನ್ನು ಅಕ್ಕರೆಯಿಂದ ಸಾಕುತ್ತಿದ್ದ ವಿಧುರನನ್ನೂ, ಮಕ್ಕಳಿಗೋಸ್ಕರ ಮದುವೆಗೆ ಒಪ್ಪಿ ಆಮೇಲೆ ಗಂಡನನ್ನು ಪ್ರೀತಿಸಲು ಕಲಿತ ಹೆಂಗಸನ್ನೂ ಅದು ಅಳಿಸಿಹಾಕಿತು. ಹಾಗೆ ಅಳಿಸಿದ ಕಥೆ, ಉಳಿಸಿಕೊಂಡ ಕಥೆಗಿಂತ ಹೊಸದಾಗಿಯೂ ಆಳವಾಗಿಯೂ ಇತ್ತು.

ಅಷ್ಟರಲ್ಲಿ ಹೊರಗಿನ ಜಗತ್ತು ಬದಲಾಗಿತ್ತು. ತಾಯಂದಿರ ಸಾವು ಕಡಿಮೆಯಾಯಿತು. ಅದರ ಜಾಗಕ್ಕೆ ವಿಚ್ಛೇದನ ಬಂತು. ಯಾರ ತಪ್ಪೆಂದು ಸಾಬೀತು ಮಾಡದೆಯೇ ಬೇರೆಯಾಗಲು ಅವಕಾಶ ಕೊಟ್ಟ ಕ್ಯಾಲಿಫೋರ್ನಿಯಾದ ಕಾನೂನು 1970ರಲ್ಲಿ ಜಾರಿಗೆ ಬಂತು. ಮರುವರ್ಷ ಇಂಗ್ಲೆಂಡಿನಲ್ಲೂ ವಿಚ್ಛೇದನ ಸುಲಭವಾಯಿತು. ಪ್ಯೂ ಸಂಶೋಧನಾ ಕೇಂದ್ರ 2013ರಲ್ಲಿ ಕೊಟ್ಟ ಲೆಕ್ಕದಂತೆ, ಅಮೆರಿಕದಲ್ಲಿ ಒಂಟಿ ತಂದೆ ನಡೆಸುವ ಮನೆಗಳು 1960ರಲ್ಲಿ 3 ಲಕ್ಷಕ್ಕಿಂತ ಕಡಿಮೆಯಿದ್ದದ್ದು 2011ಕ್ಕೆ 26 ಲಕ್ಷವಾಗಿದ್ದವು. ಸಿನಿಮಾ ಇದನ್ನು ಬೇಗ ಗ್ರಹಿಸಿತು. ಏವರಿ ಕಾರ್ಮನ್‌ನ 1977ರ ಕಾದಂಬರಿಯಿಂದ ಬಂದ 1979ರ ‘ಕ್ರೇಮರ್ ವರ್ಸಸ್ ಕ್ರೇಮರ್’ ಚಿತ್ರದಲ್ಲಿ, ಹೆಂಡತಿ ಬಿಟ್ಟುಹೋದ ಮರುದಿನ ಮಗನಿಗೆ ತಿಂಡಿ ಮಾಡಲು ಹೋಗಿ ಅಡುಗೆಮನೆಯನ್ನೇ ರಂಪ ಮಾಡಿದ ತಂದೆ, ಕೊನೆಯಲ್ಲಿ ಅದೇ ತಿಂಡಿಯನ್ನು ಮಗನ ಜೊತೆ ಮಾತಿಲ್ಲದೆ, ಪಳಗಿದ ಕೈಗಳಿಂದ ಮಾಡುತ್ತಾನೆ. ಈ ಎರಡು ದೃಶ್ಯಗಳ ನಡುವೆ ಒಬ್ಬ ಗಂಡಸು ತಂದೆಯಾಗಿದ್ದಾನೆ. ಪ್ರೇಮಕಾದಂಬರಿಯ ಉದ್ಯಮಕ್ಕೂ ಹೊಸ ತಂದೆ ಕಣ್ಣಿಗೆ ಬಿದ್ದ; 1990ರ ದಶಕದಲ್ಲಿ ಸಿಲೂಯೆಟ್ ಸಂಸ್ಥೆ ‘ಫ್ಯಾಬ್ಯುಲಸ್ ಫಾದರ್ಸ್’ ಎಂಬ ಮಾಲೆಯನ್ನೇ ತಂದಿತು. ಆದರೆ ಮುಖಪುಟದ ಮೇಲೆ ಮಗುವನ್ನೆತ್ತಿಕೊಂಡ ಗಂಡಸು ಬಂದಷ್ಟು ಸಲೀಸಾಗಿ ಒಳಗಿನ ಕಥೆ ಬದಲಾಗಲಿಲ್ಲ. ತಾಯಿ ಸತ್ತಿದ್ದರೂ ಬಿಟ್ಟುಹೋಗಿದ್ದರೂ ಆ ಖಾಲಿ ಜಾಗ ಥಾರ್ನ್‌ಫೀಲ್ಡ್‌ನದೇ, ಅದನ್ನು ತುಂಬುವವಳು ಗವರ್ನೆಸ್ಸೇ.

ನಿರಾಶೆಯ ಬೇರು ಎಲ್ಲಿದೆ ಎಂಬುದನ್ನು ಜಾನಿಸ್ ರ‍್ಯಾಡ್ವೆ 1984ರಲ್ಲಿ ಪ್ರಕಟಿಸಿದ ‘ರೀಡಿಂಗ್ ದ ರೊಮಾನ್ಸ್’ ಸ್ಪಷ್ಟಪಡಿಸುತ್ತದೆ. ಅಮೆರಿಕದ ಒಂದು ಊರಿನ ಪ್ರೇಮಕಾದಂಬರಿ ಓದುಗಿತ್ತಿಯರ ಜೊತೆ ಮಾತಾಡಿ ಬರೆದ ಅಧ್ಯಯನ ಅದು. ಅವರಲ್ಲಿ ಹೆಚ್ಚಿನವರು ಮದುವೆಯಾಗಿ ಮಕ್ಕಳಿದ್ದವರು, ದಿನವಿಡೀ ಬೇರೆಯವರನ್ನು ನೋಡಿಕೊಳ್ಳುವವರು. ಪುಸ್ತಕ ಹಿಡಿದ ಹೊತ್ತು ಅವರಿಗೆ ತಮ್ಮದೇ ಹೊತ್ತು. ಅಲ್ಲಿ ಅವರು ಹುಡುಕುತ್ತಿದ್ದುದು ತಮ್ಮನ್ನೂ ಅಕ್ಕರೆಯಿಂದ ನೋಡಿಕೊಳ್ಳಬಲ್ಲ ಗಂಡಸನ್ನು. ಈ ಹಂಬಲಕ್ಕೆ ಒಂಟಿ ತಂದೆಗಿಂತ ತಕ್ಕ ನಾಯಕ ಯಾರು? ಅವನು ಆರೈಕೆಯನ್ನು ಮಾತಿನಲ್ಲಲ್ಲ, ದಿನದಿನದ ದುಡಿಮೆಯಲ್ಲಿ ಕಲಿತವನು. ಆದರೆ ಕಥೆ ಮುಂದುವರಿದಂತೆ ನಾಯಕಿ ಅವನ ಮಗುವಿಗೆ ಬುತ್ತಿ ಕಟ್ಟುತ್ತಾಳೆ, ಮಲಗಿಸುತ್ತಾಳೆ, ಮನೆ ಹಸನು ಮಾಡುತ್ತಾಳೆ. ಅದೇ ಅವಳ ಅರ್ಹತೆಯ ಪರೀಕ್ಷೆಯಾಗುತ್ತದೆ. ಯಾವ ದುಡಿಮೆಯಿಂದ ಒಂದು ಗಂಟೆ ಬಿಡುವು ಬೇಕೆಂದು ಓದುಗಿತ್ತಿ ಪುಸ್ತಕ ಹಿಡಿದಳೋ, ಅದೇ ದುಡಿಮೆಯನ್ನು ಪುಸ್ತಕ ಅವಳಿಗೆ ಪ್ರೀತಿಯ ಹೆಸರಿನಲ್ಲಿ ಹಿಂದಿರುಗಿಸುತ್ತದೆ. ಅವನು ತನ್ನನ್ನು ಪ್ರೀತಿಸುತ್ತಾನೋ, ಮಗುವಿಗೊಬ್ಬ ತಾಯಿ ಬೇಕೆಂದು ತನ್ನನ್ನು ಆರಿಸಿದ್ದಾನೋ ಎಂಬುದು ಈ ಸನ್ನಿವೇಶ ಮಾತ್ರ ಎತ್ತಬಲ್ಲ ಪ್ರಶ್ನೆ. ಬ್ರಾಂಟೆ ಅದನ್ನು ಸಂಬಳದ ಲೆಕ್ಕದಲ್ಲಿ ನೇರವಾಗಿ ಎದುರಿಸಿದ್ದಳು.

ಮನರಂಜನೆಗೆಂದು ಬರೆದ ಪುಸ್ತಕದ ಮೇಲೆ ಇಷ್ಟು ಭಾರ ಹೇರುವುದು ನ್ಯಾಯವೇ ಎಂದು ಕೇಳಬಹುದು. ಸುಖಾಂತವನ್ನು ನಾನು ಆಕ್ಷೇಪಿಸುತ್ತಿಲ್ಲ. ಅದು ಈ ಸಾಹಿತ್ಯಪ್ರಕಾರ ಓದುಗರಿಗೆ ಕೊಟ್ಟ ಮಾತು. ಆದರೆ ಮಗುವಿನ ತಂದೆಯನ್ನು ಪ್ರೀತಿಸುವ ಕಥೆ ಎಂದು ಮುಖಪುಟದ ಮೇಲೆಯೇ ಹೇಳಿದ ಮೇಲೆ ಅದೂ ಕೊಟ್ಟ ಮಾತೇ, ಮತ್ತು ಉಳಿಸಿಕೊಳ್ಳದೇ ಹೋಗುತ್ತಿರುವುದು ಆ ಮಾತು. ಈಗಿನ ಕಾದಂಬರಿಗಳಲ್ಲಿ ನಾಯಕನೂ ಅಧ್ಯಾಯ ಬಿಟ್ಟು ಅಧ್ಯಾಯ ತನ್ನ ಕಥೆ ಹೇಳಿಕೊಳ್ಳುತ್ತಾನಲ್ಲ, ಅಲನ್ ಬೂನನ ಕಟ್ಟಳೆ ಸತ್ತುಹೋಯಿತಲ್ಲ ಎಂಬುದು ಇನ್ನೊಂದು ಮಾತು. ಬಾಗಿಲು ತೆರೆದದ್ದು ನಿಜ. ಆದರೆ ಸಿಕ್ಕ ಪುಟಗಳನ್ನು ಅವನು ಹೆಚ್ಚಾಗಿ ನಾಯಕಿಯ ಮೇಲಿನ ಬಯಕೆಗೇ ವ್ಯಯಿಸುತ್ತಾನೆ. ಮಗುವಿನ ದಿನಚರಿ ಹೊರಗೇ ಉಳಿಯುತ್ತದೆ. ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಮಕ್ಕಳ ಊಟ, ನಿದ್ದೆ, ಹಟಗಳನ್ನು ಬರೆದರೆ ಕಥೆ ಬೇಸರವಾಗುತ್ತದೆ ಎಂಬುದು. ಇದಕ್ಕೆ ಉತ್ತರ ಜಾರ್ಜ್ ಎಲಿಯಟ್ 1861ರಲ್ಲೇ ಕೊಟ್ಟಾಗಿದೆ. ‘ಸೈಲಸ್ ಮಾರ್ನರ್’ ಕಾದಂಬರಿಯ ಒಂಟಿ ನೇಕಾರ, ತನ್ನ ಒಲೆಯ ಮುಂದೆ ಬಂದು ಮಲಗಿದ ತಬ್ಬಲಿ ಮಗುವನ್ನು ಸಾಕುತ್ತಾನೆ. ನೆರೆಯವಳು ಸಹಾಯಕ್ಕೆ ಬಂದಾಗ ತಾನೇ ಮಾಡಬೇಕೆಂದು ಹಂಬಲಿಸಿ ಬಟ್ಟೆ ತೊಡಿಸುವುದನ್ನು ಕಲಿಯುತ್ತಾನೆ. ನೇಯುವಾಗ ಮಗು ದೂರ ಹೋಗದಂತೆ ಬಟ್ಟೆಯ ಪಟ್ಟಿಯಿಂದ ಮಗ್ಗಕ್ಕೆ ಕಟ್ಟುತ್ತಾನೆ. ಶಿಕ್ಷಿಸಲು ಹೋಗಿ ಸೋಲುತ್ತಾನೆ. ಈ ಪುಟಗಳು ಆ ಸಣ್ಣ ಕಾದಂಬರಿಯ ಜೀವ.

ಎಲಿಯಟ್ ಬರೆದದ್ದು ಪ್ರೇಮಕಥೆಯಲ್ಲ ಎಂದರೆ, ಮಲಮಗುವಿನ ಒಳಮನಸ್ಸನ್ನು ಜನಪ್ರಿಯ ಕಾದಂಬರಿ ಹಿಡಿಯಬಲ್ಲದು ಎಂಬುದಕ್ಕೆ ಕನ್ನಡದಲ್ಲೇ ಸಾಕ್ಷಿಯಿದೆ. ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಮಲತಾಯಿ ಮತ್ತು ಮಲಮಗಳ ಸಂಬಂಧವನ್ನು ಕಥೆಯ ನಡುವಿಗೆ ತಂದಿತು. ಅದು ಪಂಡಿತರಿಗೆಂದು ಬರೆದ ಪುಸ್ತಕವಲ್ಲ. ಮನೆಮನೆಯ ಹೆಂಗಸರು ಓದಿದ ಲೇಖಕಿಯದು. ಎರಡನೇ ಮದುವೆಯಲ್ಲಿ ಅತಿ ಹೆಚ್ಚು ಕಳೆದುಕೊಳ್ಳಬಹುದಾದವರು ಮಕ್ಕಳು, ಅವರನ್ನು ಯಾರೂ ಒಪ್ಪಿಗೆ ಕೇಳುವುದಿಲ್ಲ ಎಂಬ ಅರಿವು ಓದುಗರನ್ನು ಓಡಿಸುವುದಿಲ್ಲ, ಹಿಡಿದು ಕೂರಿಸುತ್ತದೆ.

ಆದ್ದರಿಂದ ಒಂಟಿ ತಂದೆಯ ಪ್ರೇಮಕಾದಂಬರಿ ನಿರಾಶೆ ಹುಟ್ಟಿಸಿದಾಗ ದೂರಬೇಕಾದದ್ದು ಪ್ರೇಮವನ್ನಲ್ಲ. ಗವರ್ನೆಸ್‌ಗಳ ಕಾಲ ಮುಗಿದಿದೆ, ಹೆಂಡತಿಯಿಲ್ಲದ ಗಂಡಸು ಮನೆ ನಡೆಸಲಾರ ಎಂಬ ನಂಬಿಕೆಯನ್ನು ಲಕ್ಷಗಟ್ಟಲೆ ತಂದೆಯರು ತಮ್ಮ ಬದುಕಿನಿಂದಲೇ ಸುಳ್ಳು ಮಾಡಿದ್ದಾರೆ. ಹೊಸ ಕಾದಂಬರಿ ಶುರುವಾಗಬೇಕಾದದ್ದು ಅಲ್ಲಿಂದ: ನಾಯಕಿ ಬರುವ ಮೊದಲೇ ಮನೆ ನಡೆಯುತ್ತಿರಲಿ, ತಂದೆ ಅದನ್ನು ನಡೆಸಲು ಬಲ್ಲವನಾಗಿರಲಿ, ಮಗುವಿಗೆ ಬೇಡವೆನ್ನುವ ಹಕ್ಕಿರಲಿ. ಆಗ ಅವನು ಅವಳನ್ನು ಬಯಸಿದರೆ ಅಲ್ಲಿ ಅಗತ್ಯದ ಒತ್ತಾಯವಿರುವುದಿಲ್ಲ. ಅವಳು ಒಪ್ಪಿದರೆ ಅದು ಕೆಲಸಕ್ಕೆ ಸೇರಿದಂತಾಗುವುದಿಲ್ಲ. ಪ್ರೀತಿಗೆ ಅಷ್ಟು ಸ್ವಾತಂತ್ರ್ಯ ಕೊಟ್ಟ ಪುಸ್ತಕವೇ ತನ್ನ ಸುಖಾಂತವನ್ನು ದುಡಿದು ಗಳಿಸಿಕೊಂಡಂತೆ.