ಹಿಸಪ್: ಒಂದು ಹೆಸರು, ಹಲವು ಗಿಡ

ಕಳೆದ ಮಳೆಗಾಲದಲ್ಲಿ ಶಿರಸಿಯಿಂದ ಚಿಕ್ಕಮ್ಮ ಫೋನ್ ಮಾಡಿದ್ದಳು. ಮೊಮ್ಮಗನಿಗೆ ಆಗಾಗ ಮೂರ್ಛೆ ಬರುತ್ತದೆ, ಡಾಕ್ಟರ ಮಾತ್ರೆ ನಡೆಯುತ್ತಿದೆ. ಜೊತೆಗೆ ಬ್ರಾಹ್ಮಿ ಒಳ್ಳೆಯದೆಂದು ಯಾರೋ ಹೇಳಿದ್ದರಂತೆ. "ಬ್ರಾಹ್ಮಿಗೆ ಇಂಗ್ಲಿಷಲ್ಲಿ ವಾಟರ್ ಹಿಸಪ್ ಅಂತಾರಂತೆ. ಆನ್‌ಲೈನಲ್ಲಿ ಹಿಸಪ್ ಎಣ್ಣೆ ಸಿಗ್ತದಂತೆ ಮಾರಾಯ, ತರಿಸ್ಲಾ?"

"ಬೇಡವೇ ಬೇಡ, ಅದು ಬೇರೆಯದೇ ಗಿಡ" ಎಂದೆ. ಬೇರೆ ಗಿಡಕ್ಕೆ ಅದೇ ಹೆಸರು ಯಾಕೆ ಎಂದು ಅವಳು ಕೇಳಿದಾಗ ಮಾತ್ರ ಫೋನಿನಲ್ಲಿ ಮುಗಿಯುವ ಉತ್ತರ ನನ್ನಲ್ಲಿರಲಿಲ್ಲ.

ಹಿಸಪ್ ನನಗೆ ಪರಿಚಯವಾದದ್ದು ಕುಂಡದಲ್ಲಿ. ಎರಡು ವರ್ಷದ ಹಿಂದೆ ಬೀಜ ತರಿಸಿ ಬೆಂಗಳೂರಿನ ತಾರಸಿಯಲ್ಲಿ ಬಿತ್ತಿದ್ದೆ. ತುಳಸಿ, ಪುದೀನಗಳ ಕುಟುಂಬದ್ದು. ಮೊಣಕಾಲೆತ್ತರದ ಪೊದೆ, ಕಿರಿದಾದ ಎಲೆ, ನೀಲಿ ಹೂವಿನ ತೆನೆ. ಎಲೆ ತಿಕ್ಕಿದರೆ ಕರ್ಪೂರ ಬೆರೆಸಿದ ಪುದೀನದಂಥ ವಾಸನೆ, ಬಾಯಿಗಿಟ್ಟರೆ ಕಹಿ. ಅದಕ್ಕೆ ಬೇಕಾದದ್ದು ಬಿಸಿಲು, ನೀರು ನಿಲ್ಲದ ಮಣ್ಣು. ನಮ್ಮ ಜುಲೈ ತಿಂಗಳು ಅದರ ಬೇರು ಕೊಳೆಸಿತು. ದಕ್ಷಿಣ ಯೂರೋಪಿನಿಂದ ಕ್ಯಾಸ್ಪಿಯನ್ ಸಮುದ್ರದವರೆಗಿನ ಒಣ ಕಲ್ಲುಗುಡ್ಡಗಳು ಅದರ ತವರು.

ಆದರೆ ಹೆಸರಿನ ತವರು ಅದಲ್ಲ. ಹೀಬ್ರೂ ಬೈಬಲ್ಲಿನಲ್ಲಿ 'ಏಝೋವ್' ಎಂಬ ಗಿಡ ಬರುತ್ತದೆ. ಈಜಿಪ್ಟಿನಿಂದ ಹೊರಡುವ ರಾತ್ರಿ ಇಸ್ರಾಯೇಲರು ಅದರ ಕಟ್ಟನ್ನು ಕುರಿಮರಿಯ ರಕ್ತದಲ್ಲಿ ಅದ್ದಿ ಬಾಗಿಲ ಚೌಕಟ್ಟಿಗೆ ಬಳಿಯುತ್ತಾರೆ. ಕುಷ್ಠ ವಾಸಿಯಾದವನ ಶುದ್ಧೀಕರಣಕ್ಕೂ ಅದೇ ಬೇಕು. ಸೊಲೊಮೋನನ ಜ್ಞಾನವನ್ನು ಹೊಗಳುವಲ್ಲಿ ಲೆಬನೋನಿನ ದೇವದಾರು ಒಂದು ತುದಿ, ಗೋಡೆಯ ಸಂದಿಯಲ್ಲಿ ಬೆಳೆಯುವ ಏಝೋವ್ ಇನ್ನೊಂದು ತುದಿ. ಅಂದರೆ ಯಾರ ಕೈಗೂ ಸಿಗುವ ಬಡ ಗಿಡ.

ಕ್ರಿಸ್ತಪೂರ್ವ 3ನೇ ಶತಮಾನದಿಂದ ಈ ಗ್ರಂಥಗಳು ಗ್ರೀಕ್ ಭಾಷೆಗೆ ಬಂದವು. ಅನುವಾದಕರು ಏಝೋವ್ ಇದ್ದಲ್ಲಿ 'ಹುಸ್ಸೊಪೋಸ್' ಎಂದು ಬರೆದರು. ಧ್ವನಿ ಹತ್ತಿರವಿತ್ತು. ಲ್ಯಾಟಿನ್ನಿನಲ್ಲಿ ಅದು ಹಿಸ್ಸೋಪುಸ್ ಆಯಿತು, ಕನ್ನಡ ಬೈಬಲ್ಲಿನಲ್ಲಿ ಹಿಸ್ಸೋಪ್ ಎಂದೇ ಉಳಿಯಿತು. ಆದರೆ ನಾನು ಕುಂಡದಲ್ಲಿ ಬೆಳೆದ ಹಿಸಪ್ ಆ ನಾಡಿನಲ್ಲಿ ಕಾಡುಗಿಡವಾಗಿ ಬೆಳೆಯುವುದಿಲ್ಲ. ಏಝೋವ್ ಎಂದರೆ ಅರಬ್ಬರು 'ಝಾತರ್' ಎನ್ನುವ ಗಿಡ ಎಂದು 10ನೇ ಶತಮಾನದಲ್ಲಿ ಸಾದಿಯಾ ಗಾವೋನ್, 12ನೇ ಶತಮಾನದಲ್ಲಿ ಮೈಮೊನಿಡೀಸ್ ಹೇಳಿದ್ದರು. ಇಂದಿನ ಹೆಚ್ಚಿನ ವಿದ್ವಾಂಸರ ಅಭಿಪ್ರಾಯವೂ ಅದೇ. ಗೆರಿಝೀಮ್ ಬೆಟ್ಟದಲ್ಲಿ ಪಸ್ಕಹಬ್ಬದ ಬಲಿ ಕೊಡುವ ಸಮಾರಿಯರು ಈಗಲೂ ಬಳಸುವುದು ಅದನ್ನೇ. ಎಳ್ಳಿನ ಜೊತೆ ಕುಟ್ಟಿ ರೊಟ್ಟಿಗೆ ಹಚ್ಚಿಕೊಳ್ಳುವ ಪ್ಯಾಲೆಸ್ತೀನಿಯರ ಝಾತರ್ ಪುಡಿಯ ಎಲೆಯೂ ಅದೇ. 1977ರಲ್ಲಿ ಇಸ್ರೇಲ್ ಅದನ್ನು ಸಂರಕ್ಷಿತ ಸಸ್ಯವೆಂದು ಘೋಷಿಸಿತು. ತಲೆಮಾರುಗಳಿಂದ ಗುಡ್ಡಕ್ಕೆ ಹೋಗಿ ಕಿತ್ತು ತರುತ್ತಿದ್ದವರು ದಂಡ ಕಟ್ಟಬೇಕಾಯಿತು.

ಇತ್ತ ಗ್ರೀಕರ ಹುಸ್ಸೊಪೋಸ್ ವೈದ್ಯರ ಕೈ ಸೇರಿತು. 1ನೇ ಶತಮಾನದ ಡಯಾಸ್ಕೊರಿಡೀಸ್ ಅದನ್ನು ಅಂಜೂರ, ಜೇನಿನ ಜೊತೆ ಕುದಿಸಿ ಕೆಮ್ಮಿಗೆ, ಉಬ್ಬಸಕ್ಕೆ ಕೊಡಲು ಹೇಳುತ್ತಾನೆ. ಅರಬ್ಬರು ಅದನ್ನು 'ಝೂಫಾ' ಎಂದರು. ಇಲ್ಲೊಂದು ತಮಾಷೆಯಿದೆ. ಕುರಿಯ ಉಣ್ಣೆಯ ಜಿಡ್ಡಿಗೆ ಗ್ರೀಕಿನಲ್ಲಿ 'ಒಯಿಸುಪೋಸ್' ಎಂಬ ಹೆಸರು. ಎರಡು ಪದ ಕಿವಿಗೆ ಹತ್ತಿರವಿದ್ದುದರಿಂದ ಅರಬ್ಬಿ ವೈದ್ಯದಲ್ಲಿ ಎರಡೂ ಝೂಫಾ ಆದವು. ಗಿಡ ಒಣ ಝೂಫಾ, ಉಣ್ಣೆಯ ಜಿಡ್ಡು ಹಸಿ ಝೂಫಾ! ಆ ಹೆಸರು ಯುನಾನಿ ವೈದ್ಯದ ಜೊತೆ ನಮ್ಮ ದೇಶಕ್ಕೂ ಬಂತು. ಕೆಮ್ಮಿನ ಶರಬತ್ತಿನಲ್ಲಿ ಝೂಫಾ ಇವತ್ತಿಗೂ ಇದೆ. ಆದರೆ ಅಂಗಡಿಯಲ್ಲಿ ಆ ಹೆಸರಿನಲ್ಲಿ ನೆಪೆಟಾ ಜಾತಿಯ ಇನ್ನೊಂದು ಗಿಡವೂ ಮಾರಾಟವಾಗುತ್ತದೆ.

ಯೂರೋಪಿನಲ್ಲಿ ಹಿಸಪ್ ಮಠಗಳ ಔಷಧಿ ತೋಟ ಸೇರಿತು, ಆಮೇಲೆ ಮನೆಗಳ ಅಂಗಳ. ಕತ್ತರಿಸಿದಷ್ಟೂ ದಟ್ಟವಾಗುವುದರಿಂದ ಪಾತಿಯ ಅಂಚಿಗೆ ನೆಟ್ಟರು. ವಾಸನೆಗಾಗಿ ನೆಲದ ಮೇಲೆ ಹರಡಿದರು, ಜೇನುಹುಳು ಬರಲೆಂದು ಗೂಡಿನ ಹತ್ತಿರ ಬೆಳೆಸಿದರು. ಶೇಕ್ಸ್‌ಪಿಯರನ 'ಒಥೆಲೊ'ದಲ್ಲಿ ಇಯಾಗೊ ಮನುಷ್ಯನ ದೇಹವನ್ನು ತೋಟಕ್ಕೆ ಹೋಲಿಸುವಾಗ ಹಿಸಪ್ ಹೆಸರು ಎತ್ತುತ್ತಾನೆ. ನಾಟಕ ನೋಡುವವರಿಗೆ ಅದು ಅಷ್ಟು ಗೊತ್ತಿದ್ದ ಗಿಡ. 1753ರಲ್ಲಿ ಲಿನೇಯಸ್ ಅದಕ್ಕೆ ಹಿಸ್ಸೋಪಸ್ ಅಫಿಸಿನಾಲಿಸ್ ಎಂದು ಹೆಸರಿಟ್ಟ. ಅಫಿಸಿನಾಲಿಸ್ ಎಂದರೆ ಔಷಧಿ ಕೋಣೆಗೆ ಸೇರಿದ್ದು ಎಂದರ್ಥ.

ಗೊತ್ತಿದ್ದ ಹೆಸರನ್ನು ಇಂಗ್ಲಿಷಿನವರು ಗೊತ್ತಿಲ್ಲದ ಗಿಡಗಳಿಗೂ ಕೊಟ್ಟರು. ಉತ್ತರ ಅಮೆರಿಕದ ಸೋಂಪಿನ ವಾಸನೆಯ ಗಿಡ ಅನೀಸ್ ಹಿಸಪ್ ಆಯಿತು, ಜೌಗಿನಲ್ಲಿ ಹರಡುವ ಬಕೋಪ ವಾಟರ್ ಹಿಸಪ್ ಆಯಿತು. ಆ ಬಕೋಪವೇ ನಮ್ಮ ನೀರುಬ್ರಾಹ್ಮಿ. ಅದಕ್ಕೆ ಹಿಸಪ್ಪಿನ ವಾಸನೆಯೂ ಇಲ್ಲ, ಕುಟುಂಬವೂ ಬೇರೆ. ಅದು ಇಸಬಗೋಲಿನ ನೆಂಟ.

ಚಿಕ್ಕಮ್ಮನ ಪ್ರಶ್ನೆ ನನ್ನನ್ನು ಹೆದರಿಸಿದ್ದು ಇಲ್ಲಿ. ಚರಕಸಂಹಿತೆಯಲ್ಲಿ ಬ್ರಾಹ್ಮೀಘೃತವನ್ನು ಅಪಸ್ಮಾರಕ್ಕೆ, ಅಂದರೆ ಮೂರ್ಛೆರೋಗಕ್ಕೆ ಹೇಳಿದೆ. ಹಿಸಪ್ಪಿನ ಎಣ್ಣೆಯಲ್ಲಿರುವ ಪಿನೊಕ್ಯಾಂಫೋನ್ ಎಂಬ ಅಂಶ ಆರೋಗ್ಯವಂತರಲ್ಲೂ ಮೂರ್ಛೆ ತರಿಸಬಲ್ಲದು. ಮೂರ್ಛೆರೋಗ ಇದ್ದವರು, ಗರ್ಭಿಣಿಯರು ಅದನ್ನು ಮುಟ್ಟಲೇಬಾರದು. ಯಾವುದನ್ನು ತಡೆಯಬೇಕೋ ಅದನ್ನೇ ತರುವ ಸೀಸೆಯನ್ನು ಅಜ್ಜಿಯೊಬ್ಬಳು ಮೊಮ್ಮಗನಿಗಾಗಿ ದುಡ್ಡು ಕೊಟ್ಟು ತರಿಸಲು ಹೊರಟಿದ್ದಳು, ಅದೂ ಒಂದು ಹೆಸರನ್ನು ನಂಬಿ.

ಮರುದಿನ ಫೋನ್ ಮಾಡಿ ಇಷ್ಟನ್ನೂ ಸಾವಕಾಶವಾಗಿ ಹೇಳಿದೆ. ಬ್ರಾಹ್ಮಿಯನ್ನೂ ಡಾಕ್ಟರನ್ನು ಕೇಳದೆ ಕೊಡಬೇಡ ಎಂದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಮ್ಮ ಬಾವಿಕಟ್ಟೆ ಹತ್ರ ಇರೋ ಬ್ರಾಹ್ಮಿ? ತಂಬುಳಿ ಮಾಡ್ತೀನಲ್ಲ, ಅದು?" ಎಂದು ಕೇಳಿದಳು.

ಅದು ಒಂದೆಲಗ. ನಮ್ಮ ಕಡೆ ಅದನ್ನೂ ಬ್ರಾಹ್ಮಿ ಎನ್ನುತ್ತೇವೆ. ಹೆಸರು ಕಲಸುವುದರಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ.