ಪರದೆ ಇಳಿಸುವವರು: ದಾವಣಗೆರೆಯ ನಾಟಕ ಕಂಪನಿಯಿಂದ ಕನ್ನಡ ಸುದ್ದಿವಾಹಿನಿಯವರೆಗೆ

ಹೆಸರಾಂತ ಕಲಾವಿದರೊಬ್ಬರು ಮನಸ್ಸಿನ ಹಿಡಿತ ತಪ್ಪಿ ಬೀದಿಯಲ್ಲೋ ವೇದಿಕೆಯಲ್ಲೋ ಕ್ಯಾಮೆರಾದ ಮುಂದೆಯೋ ಕುಸಿದಾಗ, ಆ ಕುಸಿತವನ್ನೇ ಸುದ್ದಿಯಾಗಿಸಿ ದಿನವಿಡೀ ತೋರಿಸುವ ರೂಢಿ ಕರ್ನಾಟಕದಲ್ಲಿ ಬಹಳ ಹಳೆಯದಲ್ಲ. ಈ ಶತಮಾನದ ಮೊದಲ ಎರಡು ದಶಕಗಳಲ್ಲಿ, ಸುದ್ದಿವಾಹಿನಿಗಳು ಒಂದರ ಹಿಂದೊಂದು ಹುಟ್ಟಿಕೊಂಡ ಕಾಲದಲ್ಲಿ, ಅದು ಬೇರುಬಿಟ್ಟಿತು. ಅದಕ್ಕೂ ಹಿಂದೆ ಕಲಾವಿದರು ಕುಸಿಯುತ್ತಿರಲಿಲ್ಲವೆಂದಲ್ಲ. ಆದರೆ ನೋಡುವವರಿಗೂ ನೋಯುವವರಿಗೂ ನಡುವೆ ಪರದೆ ಇಳಿಸುವ ಅಧಿಕಾರವುಳ್ಳ ಒಬ್ಬ ಮನುಷ್ಯ ಇರುತ್ತಿದ್ದ, ಅವನು ನಾಟಕ ಕಂಪನಿಯ ಮಾಲೀಕನಾಗಿರಬಹುದು, ಪತ್ರಿಕೆಯ ಸಂಪಾದಕನಾಗಿರಬಹುದು. ಆ ಸ್ಥಾನ ಹೇಗೆ ಖಾಲಿಯಾಯಿತು ಎಂಬುದನ್ನು ನೋಡಲು ದಾವಣಗೆರೆ ತಕ್ಕ ಊರು, ಏಕೆಂದರೆ ವೃತ್ತಿರಂಗಭೂಮಿ, ಟಾಕೀಸು, ಟೆಲಿವಿಷನ್ ಮೂರನ್ನೂ ಈ ಊರು ಒಂದೇ ಉತ್ಸಾಹದಿಂದ ನೋಡಿದೆ, ಮೊದಲನೆಯದನ್ನು ಬೆಳೆಸಿಯೂ ಇದೆ.

ಹತ್ತಿಯ ವ್ಯಾಪಾರ ಮತ್ತು ಬಟ್ಟೆ ಗಿರಣಿಗಳಿಂದ ಬೆಳೆದ ದಾವಣಗೆರೆಯಲ್ಲಿ ಕೂಲಿಯ ಹಣ ಕೈಯಲ್ಲಿದ್ದ ಗಿರಣಿ ಕಾರ್ಮಿಕರು, ಪೇಟೆಗೆ ಬಂದುಹೋಗುವ ರೈತರು, ವರ್ತಕರು, ಪಕ್ಕದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ನೌಕರರು ಸೇರಿ ನಾಟಕಕ್ಕೆ ದೊಡ್ಡ ಪ್ರೇಕ್ಷಕವರ್ಗವಾಗಿದ್ದರು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಮನೆ ಈ ಊರೇ. ಅವರ ಮಗಳು ಚಿಂದೋಡಿ ಲೀಲಾ ಇಲ್ಲಿಂದಲೇ ನಾಡಿನಾದ್ಯಂತ ಹೆಸರು ಮಾಡಿ 1988ರಲ್ಲಿ ಪದ್ಮಶ್ರೀ ಪಡೆದರು. ಕಂಪನಿ ಒಂದೂರಿನಲ್ಲಿ ತಿಂಗಳುಗಟ್ಟಲೆ ಬೀಡುಬಿಡುವುದನ್ನು ‘ಕ್ಯಾಂಪ್’ ಎಂದು ಕರೆಯುತ್ತಿದ್ದರು. ಕ್ಯಾಂಪಿನೊಳಗೆ ಮಾಲೀಕನೇ ಅನ್ನದಾತ, ಪಂಚಾಯಿತಿ, ಆಸ್ಪತ್ರೆಗೆ ಕರೆದೊಯ್ಯುವ ಹಿರಿಯ. ನಾಯಕ ಪಾತ್ರಧಾರಿ ಕುಡಿದು ಬಂದರೆ, ನಾಯಕಿ ದುಃಖದಲ್ಲಿ ಮಾತು ಮರೆತರೆ, ಅಂಕದ ಪರದೆ ಇಳಿಯುತ್ತಿತ್ತು. ಹಾರ್ಮೋನಿಯಂ ಮಾಸ್ತರರು ಒಂದು ಹಾಡು ಹೆಚ್ಚಿಗೆ ನುಡಿಸುತ್ತಿದ್ದರು, ಇಲ್ಲವೇ ಹಾಸ್ಯಪಾತ್ರದವನು ಹೊರಗೆ ಬಂದು ನಗಿಸುತ್ತಿದ್ದ, ಅಷ್ಟರಲ್ಲಿ ಆ ಮಾತುಗಳನ್ನು ಕೇಳಿಕೇಳಿಯೇ ಬಾಯಿಪಾಠ ಮಾಡಿಕೊಂಡಿದ್ದ ಇನ್ನೊಬ್ಬರಿಗೆ ಬಣ್ಣ ಹಚ್ಚಲಾಗುತ್ತಿತ್ತು.

ಇದನ್ನು ಬರೀ ಕರುಣೆಯೆಂದು ಬಣ್ಣಿಸುವುದು ಚರಿತ್ರೆಗೆ ಮಾಡುವ ಅನ್ಯಾಯ. ಪ್ರೇಕ್ಷಕರು ಎದ್ದುಹೋದರೆ ಆ ರಾತ್ರಿಯ ಕಲೆಕ್ಷನ್, ಅಂದರೆ ಟಿಕೆಟಿನಿಂದ ಬರುವ ದುಡ್ಡು, ಹೋಗುತ್ತಿತ್ತು. ಆದ್ದರಿಂದ ಪರದೆ ಇಳಿಸುವುದು ಮಾಲೀಕನ ಲಾಭಕ್ಕೂ ಬೇಕಾಗಿತ್ತು. ಪರದೆಯ ಹಿಂದೆ ಕಲಾವಿದರಿಗೆ ಚಿಕಿತ್ಸೆ ಸಿಗುತ್ತಿತ್ತೆಂದೂ ಹೇಳಲಾಗದು: ಸಾಲ, ಕುಡಿತ, ಮುಂಗಡ ಪಡೆದ ತಪ್ಪಿಗೆ ಕಂಪನಿ ಬಿಡಲಾಗದ ಕಟ್ಟು, ನಟಿಯರ ಹೆಸರಿಗೆ ಊರು ಅಂಟಿಸುತ್ತಿದ್ದ ಮಸಿ ಇವೆಲ್ಲ ಅಲ್ಲಿದ್ದವು. ಆದರೂ ಮುಖ್ಯವಾದ ಒಂದು ಅಂಶವನ್ನು ಗಮನಿಸಬೇಕು. ಆ ವ್ಯವಸ್ಥೆಯಲ್ಲಿ ಕಲಾವಿದನ ಕುಸಿತದಿಂದ ಕಂಪನಿಗೆ ನಷ್ಟವಾಗುತ್ತಿತ್ತು. ಕುಸಿತದಿಂದಲೇ ಲಾಭವಾಗುವ ವ್ಯವಸ್ಥೆ ಆಗಿನ್ನೂ ಹುಟ್ಟಿರಲಿಲ್ಲ.

ಅದು ಹುಟ್ಟುವ ಸೂಚನೆ ಮೊದಲು ಕಂಡದ್ದು ಅಚ್ಚಿನಲ್ಲಿ. ‘ಮಿನುಗುತಾರೆ’ ಎಂದು ಜನ ಕರೆದ ಚಿತ್ರನಟಿ ಕಲ್ಪನಾ, ಸಿನಿಮಾದಲ್ಲಿ ಅವಕಾಶಗಳು ಕಡಿಮೆಯಾದ ಮೇಲೆ ಗುಡಗೇರಿ ಬಸವರಾಜರ ನಾಟಕ ಕಂಪನಿ ಸೇರಿ ಉತ್ತರ ಕರ್ನಾಟಕದಲ್ಲಿ ಅಭಿನಯಿಸುತ್ತಿದ್ದಾಗ, 1979ರ ಮೇ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಬಳಿಯ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ತೀರಿಕೊಂಡರು. ಅವರ ಕೊನೆಯ ದಿನಗಳ ಸಂಕಟ, ಕೊನೆಯ ಪ್ರದರ್ಶನ, ಸಾವಿನ ಕಾರಣ ಇವುಗಳ ಸುತ್ತ ಎದ್ದ ಊಹಾಪೋಹ ಇಂದಿಗೂ ನಿಂತಿಲ್ಲ; ಅವರ ನಟನೆಯನ್ನು ಕುರಿತು ಬಂದ ಬರಹಗಳಿಗಿಂತ ಸಾವನ್ನು ಕುರಿತು ಬಂದವು ಹೆಚ್ಚಿರಬಹುದೆಂದು ತೋರುವಷ್ಟು ಅದು ಬೆಳೆದಿದೆ. ಆದರೆ ಆ ಸಂಕಟವನ್ನು ನಾಡು ಕಣ್ಣಾರೆ ನೋಡಲಿಲ್ಲ. ಅದು ಓದಿ, ಕೇಳಿ, ಕಲ್ಪಿಸಿಕೊಂಡ ವಿಷಯವಾಗಿತ್ತು. 1980ರಲ್ಲಿ ಬಂದ ಲಂಕೇಶ್ ಪತ್ರಿಕೆ, 1995ರಲ್ಲಿ ರವಿ ಬೆಳಗೆರೆಯವರು ಆರಂಭಿಸಿದ ಹಾಯ್ ಬೆಂಗಳೂರ್ ಹಾಗೂ ಅವುಗಳ ಹಿಂದೆಮುಂದೆ ಬಂದ ಹಲವು ವಾರಪತ್ರಿಕೆಗಳಿಂದ ಪ್ರಸಿದ್ಧರ ಖಾಸಗಿ ಬದುಕಿನ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆಯುವ ಧಾಟಿ ಗಟ್ಟಿಯಾಯಿತಾದರೂ, ವಾರಕ್ಕೊಮ್ಮೆ ಅಚ್ಚಾಗುವ ಪತ್ರಿಕೆಗೆ ಬರೆಯುವ ಮುನ್ನ ಯೋಚಿಸಲು ಆರು ದಿನಗಳಿದ್ದವು.

ದೂರದರ್ಶನದ ಬೆಂಗಳೂರು ಕೇಂದ್ರ 1981ರಲ್ಲಿ ಆರಂಭವಾಯಿತು, ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿ ಉದಯ ಟಿವಿ 1994ರಲ್ಲಿ ಬಂದಿತು, 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಸೇರಿಕೊಂಡಿತು. ಅದೇ ವರ್ಷ ನಟ ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿ 108 ದಿನ ಕಾಡಿನಲ್ಲಿಟ್ಟುಕೊಂಡಾಗ ನಾಡಿನ ಆತಂಕವನ್ನು ಹೊತ್ತದ್ದು ಮುಖ್ಯವಾಗಿ ಪತ್ರಿಕೆ, ಆಕಾಶವಾಣಿ ಮತ್ತು ಹೊತ್ತುಹೊತ್ತಿಗೆ ಬರುತ್ತಿದ್ದ ವಾರ್ತೆಗಳು. ದಾವಣಗೆರೆಯಲ್ಲಿ ಈ ಅವಧಿಯ ಬದಲಾವಣೆ ಊರಿನ ನಕ್ಷೆಯಲ್ಲೇ ಕಾಣುತ್ತದೆ. ಹಳೆಯ ಪೇಟೆಯ ಸುತ್ತ ನಾಟಕದ ಥಿಯೇಟರು, ಟಾಕೀಸುಗಳಿದ್ದರೆ, ಗಿರಣಿಗಳ ಕಾಲ ಇಳಿದು ಕಾಲೇಜುಗಳ ಕಾಲ ಏರಿದಂತೆ ಬೆಳೆದದ್ದು ಶಾಮನೂರು ಶಿವಶಂಕರಪ್ಪನವರ ಹೆಸರಿನ ಎಸ್.ಎಸ್. ಬಡಾವಣೆಯಂಥ ಹೊಸ ವಸತಿ ಪ್ರದೇಶಗಳು. ಅಧ್ಯಾಪಕರು, ವೈದ್ಯರು, ವರ್ತಕರು, ಬಾಡಿಗೆ ಕೋಣೆಯ ವಿದ್ಯಾರ್ಥಿಗಳಿರುವ ಇಂಥ ಬಡಾವಣೆಗಳಲ್ಲಿ ನೋಡುವುದು ಮನೆಯೊಳಗಿನ ಕೆಲಸವಾಯಿತು. ನಾಟಕದ ಪ್ರೇಕ್ಷಕ ಕೂಗಿ ಬೇಸರ ತಿಳಿಸಬಲ್ಲವನಾಗಿದ್ದ, ಪಕ್ಕದವನ ಮುಖದಲ್ಲಿ ನಾಚಿಕೆ ಕಂಡು ತಾನೂ ನಾಚಬಲ್ಲವನಾಗಿದ್ದ. ಮನೆಯ ನೋಡುಗನಿಗೆ ಆ ಎರಡೂ ಇಲ್ಲ. ಅವನ ಆಸಕ್ತಿಯನ್ನು ಅಳೆಯಲು ಒಂದು ಯಂತ್ರ ಮಾತ್ರ ಉಳಿಯಿತು.

ಆ ಅಳತೆಯ ಹೆಸರು ಟಿಆರ್‌ಪಿ. ಆಯ್ದ ಕೆಲವು ಮನೆಗಳ ಟೆಲಿವಿಷನ್‌ಗೆ ಮೀಟರ್ ಜೋಡಿಸಿ, ಯಾವ ವಾಹಿನಿಯನ್ನು ಎಷ್ಟು ಹೊತ್ತು ನೋಡಲಾಯಿತೆಂದು ಲೆಕ್ಕಹಾಕಿ, ಅದರ ಆಧಾರದ ಮೇಲೆ ಜಾಹೀರಾತಿನ ದರ ನಿಗದಿಯಾಗುವ ಪದ್ಧತಿ ಇದು. ಮೊದಲು ಟ್ಯಾಮ್ ಎಂಬ ಸಂಸ್ಥೆ, 2015ರಿಂದ ಬಾರ್ಕ್ ಎಂಬ ಸಂಸ್ಥೆ ಈ ಲೆಕ್ಕವನ್ನು ವಾರವಾರ ಕೊಡುತ್ತ ಬಂದಿವೆ. 2006ರ ಕೊನೆಯಲ್ಲಿ ಟಿವಿ9 ಕನ್ನಡ, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ, ನಡುವೆ ಇನ್ನೂ ಕೆಲವು ವಾಹಿನಿಗಳು ಬಂದಾಗ, ದಿನದ ಇಪ್ಪತ್ತನಾಲ್ಕು ಗಂಟೆಯನ್ನು ತುಂಬಿಸುವ ಹಸಿವು ಮತ್ತು ಈ ಲೆಕ್ಕದ ಭಯ ಒಟ್ಟಿಗೆ ಕೆಲಸ ಮಾಡಿದವು. ಜಿಲ್ಲೆಗಳಲ್ಲಿ ‘ಸ್ಟ್ರಿಂಗರ್’ ಎಂಬ ವರದಿಗಾರ ವರ್ಗ ಬೆಳೆಯಿತು: ಇವರಲ್ಲಿ ಹೆಚ್ಚಿನವರಿಗೆ ಖಾಯಂ ಸಂಬಳವಿಲ್ಲ, ಕಳಿಸಿದ ದೃಶ್ಯಕ್ಕೆ ಇಷ್ಟೆಂದು ಹಣ. ಕೆರೆಯ ಹೂಳಿನ ವರದಿಗೆ ವಾರ ಬೇಕು, ಯಾರೋ ಕೂಗಾಡುವ ದೃಶ್ಯಕ್ಕೆ ಎರಡು ನಿಮಿಷ ಸಾಕು. ದೃಶ್ಯ ಬಂದ ಮೇಲೆ ಸ್ಟುಡಿಯೋದಲ್ಲಿ ನಾಲ್ವರನ್ನು ಕೂರಿಸಿ ಸಂಜೆಯವರೆಗೆ ಚರ್ಚಿಸುವುದು ಸುದ್ದಿ ಸಂಗ್ರಹಕ್ಕಿಂತ ಎಷ್ಟೋ ಅಗ್ಗ. ವರದಿಗಾರರ ಮನಸ್ಸು ಕೆಟ್ಟದ್ದರಿಂದ ಈ ರೂಢಿ ಬಂತೆಂದು ದೂರುವವರು ಈ ಅರ್ಥಶಾಸ್ತ್ರವನ್ನು ನೋಡಬೇಕು.

ಈ ವ್ಯವಸ್ಥೆಯ ಬೆಲೆ ತೆತ್ತವರಲ್ಲಿ ಮೊದಲು ನೆನೆಯಬೇಕಾದ ಹೆಸರು ರಿಯಾಲಿಟಿ ಶೋ ಒಂದನ್ನು ಗೆದ್ದ ರಾಜೇಶ್ ಅವರದು. ‘ರಿಯಾಲಿಟಿ ಶೋ’ ಎಂದರೆ ಬರೆದ ಕಥೆಯಿಲ್ಲದೆ, ನಿಜವಾದ ವ್ಯಕ್ತಿಗಳನ್ನು ಕೃತಕ ಸನ್ನಿವೇಶದಲ್ಲಿಟ್ಟು ಅವರ ವರ್ತನೆಯನ್ನು ತೋರಿಸುವ ಕಾರ್ಯಕ್ರಮ. ಸುವರ್ಣ ವಾಹಿನಿ 2010ರ ಆಸುಪಾಸಿನಲ್ಲಿ ಪೇಟೆಯ ಯುವತಿಯರನ್ನು ಹಳ್ಳಿಯಲ್ಲಿರಿಸಿದ ಒಂದು ಕಾರ್ಯಕ್ರಮ ನಡೆಸಿತು. ಅದನ್ನು ತಿರುಗುಮುರುಗು ಮಾಡಿ ಹಳ್ಳಿ, ಹಾಡಿಗಳ ಯುವಕರನ್ನು ನಗರಕ್ಕೆ ತಂದು, ಪೇಟೆಯ ಯುವತಿಯರಿಂದ ನಡೆನುಡಿ ಕಲಿಸಿದ್ದು ‘ಹಳ್ಳಿ ಹೈದ ಪ್ಯಾಟೆಗ್ ಬಂದ’. ನಿರೂಪಕರು ಅಕುಲ್ ಬಾಲಾಜಿ. ಗೆದ್ದವರು ಹೆಗ್ಗಡದೇವನಕೋಟೆ ತಾಲ್ಲೂಕಿನ ಬಳ್ಳೆ ಹಾಡಿಯ ಬುಡಕಟ್ಟು ಯುವಕ ರಾಜೇಶ್. ಹಾಡಿ ಎಂದರೆ ಕಾಡಂಚಿನ ಬುಡಕಟ್ಟು ಜನರ ವಸತಿ. ಬಳ್ಳೆ ನಾಗರಹೊಳೆ ಅರಣ್ಯಕ್ಕೆ ಸೇರಿದ ಸ್ಥಳ, ದಸರೆಯಲ್ಲಿ ಅಂಬಾರಿ ಹೊತ್ತ ಅರ್ಜುನ ಆನೆ ಇದ್ದ ಶಿಬಿರವೂ ಅದೇ.

ಆ ಕಾರ್ಯಕ್ರಮದ ನಗೆಯ ಮೂಲ ಯಾವುದೆಂದು ಸ್ಪಷ್ಟವಾಗಿ ಹೇಳಬೇಕು. ಲಿಫ್ಟು, ಚಮಚ, ಮಾಲ್, ಅಪರಿಚಿತ ಹೆಣ್ಣಿನ ಸಲಿಗೆ ಇವುಗಳ ಮುಂದೆ ಕಾಡಿನ ಯುವಕ ತಬ್ಬಿಬ್ಬಾಗುವುದೇ ಅಲ್ಲಿನ ರಂಜನೆ. ಆ ಯುವಕರು ಬಲ್ಲ ಜೇನು, ಜಾಡು, ಮರ, ಮೃಗದ ವಿದ್ಯೆಗೆ ಅಲ್ಲಿ ಅಂಕವಿರಲಿಲ್ಲ. ರಾಜೇಶ್ ಮಾತ್ರ ಆ ನಗೆಯನ್ನು ಮೀರಿ ಜನರ ಪ್ರೀತಿ ಗಳಿಸಿದರು, ಮನೆಮನೆಯಲ್ಲಿ ಹೆಸರಾದರು, ‘ಜಂಗಲ್ ಜಾಕಿ’ ಚಿತ್ರದ ನಾಯಕರಾದರು. ಆದರೆ ಕಾರ್ಯಕ್ರಮ ಮುಗಿದ ಮೇಲೆ ಅವರನ್ನು ಹಾಡಿಗೆ ಮರಳಿಸಿ ನೆಲೆಗೊಳಿಸುವ ಅಥವಾ ನಗರದಲ್ಲಿ ಬದುಕಲು ಕೈಹಿಡಿಯುವ ಹೊಣೆ ಯಾರದೆಂದು ಯಾವ ಕರಾರೂ ಸಾರ್ವಜನಿಕವಾಗಿ ಹೇಳಲಿಲ್ಲ. ಮುಂದೆ ಅವರು ಮಾನಸಿಕ ಅಸ್ವಸ್ಥತೆಗೆ ಒಳಗಾಗಿ ಆಸ್ಪತ್ರೆ ಸೇರಿದಾಗ ಅದೂ ಸುದ್ದಿಯಾಯಿತು. ಗೆಲುವನ್ನು ಪ್ರಸಾರ ಮಾಡಿದ ಮಾಧ್ಯಮಕ್ಕೆ ಅವರ ರೋಗವೂ ಅದೇ ಕಥೆಯ ಮುಂದಿನ ಕಂತಾಗಿ ಕಂಡಿತು. 2013ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ರಾಜೇಶ್ ತೀರಿಕೊಂಡರು. ಕಾರ್ಯಕ್ರಮವೇ ಅವರ ಸಾವಿಗೆ ಕಾರಣವೆಂದು ಹೇಳುವುದು ಸುಲಭ, ಸರಿಯಲ್ಲ. ಮನಸ್ಸಿನ ರೋಗಗಳಿಗೆ ಒಂದೇ ಕಾರಣವಿರುವುದು ಅಪರೂಪ. ಹೇಳಬಹುದಾದದ್ದು ಇಷ್ಟು: ನಾಟಕ ಕಂಪನಿಯ ಮಾಲೀಕ ಎಷ್ಟೇ ಕಠಿಣನಾದರೂ ತನ್ನ ಕಲಾವಿದ ಮರುದಿನವೂ ಬಣ್ಣ ಹಚ್ಚಬೇಕೆಂಬ ಕಾರಣಕ್ಕಾದರೂ ಅವನನ್ನು ನೋಡಿಕೊಳ್ಳುತ್ತಿದ್ದ. ಪ್ರತಿ ಋತುವಿಗೂ ಹೊಸ ಮುಖಗಳನ್ನು ಹುಡುಕುವ ವಾಹಿನಿಗೆ ಹಳೆಯ ಮುಖದ ಮರುದಿನದಿಂದ ಆಗಬೇಕಾದದ್ದೇನೂ ಇರಲಿಲ್ಲ.

ಅದೇ 2013ರಲ್ಲಿ, ನೆದರ್ಲೆಂಡ್ಸ್‌ನಲ್ಲಿ 1999ರಲ್ಲಿ ಹುಟ್ಟಿದ ‘ಬಿಗ್ ಬ್ರದರ್’ ಮಾದರಿಯ ‘ಬಿಗ್ ಬಾಸ್’ ಕನ್ನಡಕ್ಕೆ ಬಂದಿತು. ಹೊರಜಗತ್ತಿನ ಸಂಪರ್ಕವಿಲ್ಲದ ಮನೆಯಲ್ಲಿ ಹಲವರನ್ನು ಕೂಡಿಹಾಕಿ, ಮೂಲೆಮೂಲೆಯ ಕ್ಯಾಮೆರಾಗಳಿಂದ ಅವರ ಜಗಳ, ಅಳು, ಮೌನಗಳನ್ನು ಸೆರೆಹಿಡಿಯುವ ಈ ಏರ್ಪಾಟಿನಲ್ಲಿ ಸಹನೆ ಒಡೆಯುವ ಗಳಿಗೆಯೇ ಫಸಲು. ತಮ್ಮ ಚಿತ್ರ ನೋಡಲು ಬಾರದ ಪ್ರೇಕ್ಷಕರನ್ನು ಬೈದ ವಿಡಿಯೊದಿಂದ ಮನೆಮಾತಾಗಿದ್ದ ನಟ, ನಿರ್ದೇಶಕ ಹುಚ್ಚ ವೆಂಕಟ್ ಅವರನ್ನು 2015ರ ಮೂರನೆಯ ಆವೃತ್ತಿಗೆ ಕರೆಯಲಾಯಿತು. ಸಿಟ್ಟಿಗಾಗಿಯೇ ಹೆಸರಾದವರು ಆ ಮನೆಯಲ್ಲಿ ಸಿಟ್ಟಾಗುವುದು ಯಾರಿಗೂ ಅನಿರೀಕ್ಷಿತವಲ್ಲ. ಗಾಯಕ ರವಿ ಮೂರೂರು ಅವರ ಮೇಲೆ ಕೈಮಾಡಿದ್ದಕ್ಕೆ ಅವರನ್ನು ಹೊರಹಾಕಲಾಯಿತು, ಮುಂದಿನ ಆವೃತ್ತಿಗೆ ಅತಿಥಿಯಾಗಿ ಮತ್ತೆ ಕರೆದಾಗಲೂ ಇನ್ನೊಬ್ಬ ಸ್ಪರ್ಧಿಯ ಮೇಲೆ ಹಲ್ಲೆಯಾಯಿತು. ಹೊಡೆತ ತಿಂದವರಿಗೆ ಆದದ್ದು ತಪ್ಪೇ. ಆದರೆ ಒಮ್ಮೆ ಹೊರಹಾಕಿದ ಕಾರಣವನ್ನೇ ಎರಡನೆಯ ಆಹ್ವಾನಕ್ಕೆ ಅರ್ಹತೆಯಾಗಿಸಿದವರ ಹೊಣೆ ಆ ದಿನಗಳ ಚರ್ಚೆಗಳಲ್ಲಿ ಮುಂದೆ ಬರಲಿಲ್ಲ. 2019 ಮತ್ತು 2020ರ ವೇಳೆಗೆ ಮಡಿಕೇರಿ, ಚೆನ್ನೈ, ಮಂಡ್ಯದ ಕಡೆಯ ಬೀದಿಗಳಲ್ಲಿ ಅವರು ದಿಕ್ಕುತೋಚದವರಂತೆ ಕಾಣಿಸಿಕೊಂಡ, ಜನರೇ ಅವರ ಮೇಲೆ ಕೈಮಾಡಿದ ದೃಶ್ಯಗಳು ಹರಡಿದವು. 2016ರಿಂದ ಮೊಬೈಲ್ ಡೇಟಾ ಅಗ್ಗವಾಗಿ ದಾರಿಹೋಕನೇ ಸ್ಟ್ರಿಂಗರ್ ಆಗಿಬಿಟ್ಟಿದ್ದ. ಸಂಬಳವಿಲ್ಲದ, ಸಂಪಾದಕನಿಲ್ಲದ ಸ್ಟ್ರಿಂಗರ್. ಆಗ ಚಿತ್ರರಂಗದ ಕೆಲವರು, ಸಾಮಾನ್ಯ ಜನರು ಈ ಮನುಷ್ಯನಿಗೆ ಬೇಕಾದದ್ದು ಚಿಕಿತ್ಸೆ, ಹೊಡೆತವಲ್ಲ ಎಂದು ಗಟ್ಟಿಯಾಗಿ ಹೇಳಿದ್ದು ದಾಖಲಾಗಬೇಕಾದ ಸಂಗತಿ.

ಇದು ಕನ್ನಡಕ್ಕೆ ಮಾತ್ರ ಅಂಟಿದ್ದಲ್ಲ. 2011ರಲ್ಲಿ ಅಮೆರಿಕದ ಕಿರುತೆರೆಯಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುತ್ತಿದ್ದ ನಟ ಚಾರ್ಲಿ ಶೀನ್ ಸಂದರ್ಶನದ ಮೇಲೆ ಸಂದರ್ಶನ ಕೊಟ್ಟು ಅಸಂಬದ್ಧವಾಗಿ ಮಾತಾಡತೊಡಗಿದಾಗ, ‘ಟೂ ಅಂಡ್ ಎ ಹಾಫ್ ಮೆನ್’ ಧಾರಾವಾಹಿಯಿಂದ ಅವರನ್ನು ಮಾರ್ಚ್ 7ರಂದು ತೆಗೆಯಲಾಯಿತು. ಅದೇ ವಾರಗಳಲ್ಲಿ ಟ್ವಿಟರ್‌ನಲ್ಲಿ ಹತ್ತು ಲಕ್ಷ ಹಿಂಬಾಲಕರು ಸುಮಾರು ಒಂದು ದಿನದಲ್ಲೇ ಅವರಿಗೆ ಸಿಕ್ಕರು. ಆದರೆ ಶೀನ್ ಅವರಿಗೆ ವಕೀಲರಿದ್ದರು, ಹಣವಿತ್ತು, ಮುಂದಿನ ವರ್ಷವೇ ಇನ್ನೊಂದು ಧಾರಾವಾಹಿಯೂ ಇತ್ತು. ಬಳ್ಳೆ ಹಾಡಿಯಿಂದ ಬಂದವರಿಗೆ ಅವು ಯಾವುವೂ ಇರಲಿಲ್ಲ.

ಪರದೆ ಇಳಿಸುವವನ ಖಾಲಿಯಾದ ಸ್ಥಾನವನ್ನು ತುಂಬಲು ಈಗ ಕಾನೂನು ಪ್ರಯತ್ನಿಸುತ್ತಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೆಯ ಸೆಕ್ಷನ್, ಚಿಕಿತ್ಸೆಯಲ್ಲಿರುವ ವ್ಯಕ್ತಿಯ ಛಾಯಾಚಿತ್ರವನ್ನಾಗಲಿ ಮಾಹಿತಿಯನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು ನಿಷೇಧಿಸುತ್ತದೆ. ನಟ ಸುಶಾಂತ್ ಸಿಂಗ್ ರಜಪೂತ್ ಅವರ ಸಾವಿನ ನಂತರದ ಪ್ರಸಾರಗಳನ್ನು ಕುರಿತು 2021ರ ಜನವರಿಯಲ್ಲಿ ತೀರ್ಪಿತ್ತ ಬಾಂಬೆ ಹೈಕೋರ್ಟ್, ಆತ್ಮಹತ್ಯೆಯ ವರದಿಗಾರಿಕೆಗೆ ಪತ್ರಿಕಾ ಮಂಡಳಿ ರೂಪಿಸಿದ ಮಾರ್ಗಸೂಚಿಗಳು ವಾಹಿನಿಗಳಿಗೂ ಅನ್ವಯಿಸುತ್ತವೆ ಎಂದಿತು. ಆದರೆ 24ನೆಯ ಸೆಕ್ಷನ್ನಿನ ರಕ್ಷಣೆ ಚಿಕಿತ್ಸಾ ಸಂಸ್ಥೆಯ ಗೋಡೆಯೊಳಗಿನದು. ಬೀದಿಯಲ್ಲಿ ಕುಸಿದವರ ಮಟ್ಟಿಗೆ ಅದೇ ಕಾಯ್ದೆಯ 100ನೆಯ ಸೆಕ್ಷನ್ ಮಾತಾಡುತ್ತದೆ. ತನ್ನನ್ನು ತಾನು ನೋಡಿಕೊಳ್ಳಲಾರದೆ ಅಲೆಯುತ್ತಿರುವ ಅಸ್ವಸ್ಥರನ್ನು ಪೊಲೀಸರು ರಕ್ಷಣೆಗೆ ಪಡೆದು, ಲಾಕಪ್ಪಿಗೆ ಹಾಕದೆ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕೆಂದು ಅದು ವಿಧಿಸುತ್ತದೆ. ಪೊಲೀಸರು ಬರುವವರೆಗೆ ಸುತ್ತ ನಿಂತ ಕ್ಯಾಮೆರಾಗಳು ಏನು ಮಾಡಬೇಕೆಂಬುದನ್ನು ಆ ಸೆಕ್ಷನ್ ಹೇಳುವುದಿಲ್ಲ.