ಸೋರುವ ಸೂರು, ಸ್ಟ್ರಿಕ್ನಿನ್ ಸೀಸೆ

ಮನೆಯ ಸೂರು ಸೋರುತ್ತಿತ್ತು. ರಿಪೇರಿಗೆ ನೂರು ಪೌಂಡ್ ಬೇಕು. ಇಂಗ್ಲೆಂಡಿನ ಶಾಲಾಮೇಷ್ಟ್ರು ಸೆಸಿಲ್ ಡೇ ಲೂಯಿಸ್‌ಗೆ ಕವಿ ಎಂಬ ಹೆಸರೇನೋ ಇತ್ತು, ಆದರೆ ಕವಿತೆಯಿಂದ ಹೆಂಚು ಬರುವುದಿಲ್ಲವಲ್ಲ! ಶಾಲೆಯೊಂದರಲ್ಲಿ ಕೊಲೆ ಮಾಡಿಸಿ, 'ನಿಕೋಲಸ್ ಬ್ಲೇಕ್' ಎಂಬ ಮರೆಹೆಸರಿನಲ್ಲಿ 1935ರಲ್ಲಿ 'ಎ ಕ್ವೆಶ್ಚನ್ ಆಫ್ ಪ್ರೂಫ್' ಎಂಬ ಪತ್ತೇದಾರಿ ಕಾದಂಬರಿ ಪ್ರಕಟಿಸಿದ. 1968ರಲ್ಲಿ ಆತ ಬ್ರಿಟನ್ನಿನ ಆಸ್ಥಾನಕವಿಯಾದ. ಆ ವರ್ಷವೂ ಬ್ಲೇಕ್ ಹೆಸರಿನ ಕಾದಂಬರಿಯೊಂದು ಹೊರಬಂತು. ಅಷ್ಟು ಹೊತ್ತಿಗೆ ಸೂರಿನ ನೆಪವೇನೂ ಉಳಿದಿರಲಿಲ್ಲ.

ಪತ್ತೇದಾರಿ ಬರೆಯುವವರಿಗೆ ರಕ್ತದ ಚಪಲ ಎಂದು ಮೂಗು ಮುರಿಯುವವರಿದ್ದಾರೆ. ಈ ಕಸುಬಿನ ಚರಿತ್ರೆ ನೋಡಿದರೆ ಹೆಚ್ಚಾಗಿ ಕಾಣುವುದು ಖಾಲಿ ಜೇಬು, ಜೊತೆಗೆ ಹಳೆಯ ನೌಕರಿಯ ಅನುಭವ. ಇಂಗ್ಲೆಂಡಿನ ಸೌತ್‌ಸೀಯಲ್ಲಿ ರೋಗಿಗಳು ಹೆಚ್ಚು ಸುಳಿಯದ ಕ್ಲಿನಿಕ್ಕಿನಲ್ಲಿ ಕೂತ ಡಾಕ್ಟರ್ ಕಾನನ್ ಡಾಯ್ಲ್‌ಗೆ ನೆನಪಾದದ್ದು ಎಡಿನ್‌ಬರೋದ ಗುರು ಜೋಸೆಫ್ ಬೆಲ್. ರೋಗಿ ಬಾಯಿ ಬಿಡುವ ಮೊದಲೇ ಅವನ ಕಸುಬು ಹೇಳಿಬಿಡುತ್ತಿದ್ದ ಮನುಷ್ಯ ಅವನು. ಹಾಗೆ ಹುಟ್ಟಿದ ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿಯ ಪೂರ್ತಿ ಹಕ್ಕು ಬರೀ 25 ಪೌಂಡಿಗೆ ಹೋಯಿತು.

ಅಗಾಥಾ ಕ್ರಿಸ್ಟಿಯದು ಬೇರೆ ಕಥೆ. ನಿನ್ನಿಂದ ಪತ್ತೇದಾರಿ ಕಾದಂಬರಿ ಬರೆಯಲಾಗದು ಎಂದು ಅಕ್ಕ ಮ್ಯಾಜ್ ಕೆಣಕಿದ್ದಳು. ಮೊದಲ ಮಹಾಯುದ್ಧದ ಕಾಲಕ್ಕೆ ಟಾರ್ಕೀ ಊರಿನ ಆಸ್ಪತ್ರೆಯಲ್ಲಿ ಔಷಧ ಬೆರೆಸಿಕೊಡುವ ಕೆಲಸ ಸಿಕ್ಕಿತು. ನಮ್ಮ ಕಡೆಯ ಮಾತಿನಲ್ಲಿ ಕಂಪೌಂಡರ್ ಕೆಲಸ. ಒಂದು ದಿನ ಉಸಿರಾಡಲು ಪುರುಸೊತ್ತಿಲ್ಲ, ಇನ್ನೊಂದು ದಿನ ಮಧ್ಯಾಹ್ನವಿಡೀ ಖಾಲಿ. ಸುತ್ತಲೂ ಕಪಾಟಿನ ತುಂಬ ವಿಷದ ಸೀಸೆಗಳು. ಕೊಲೆ ಹೇಗಾಗಬೇಕು ಎಂದು ಯೋಚಿಸುವ ಕಷ್ಟವೇ ಇರಲಿಲ್ಲ. ಊರಿಗೆ ಬಂದಿದ್ದ ಬೆಲ್ಜಿಯಂ ನಿರಾಶ್ರಿತರನ್ನು ನೋಡಿ ಪತ್ತೇದಾರನೂ ಹೊಳೆದ: ಹರ್ಕ್ಯೂಲ್ ಪೊಯಿರೊ.

(ಹಾಗೆ ಹುಟ್ಟಿದ ಕಾದಂಬರಿ 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' ಓದದವರು ಮುಂದಿನ ಎರಡು ವಾಕ್ಯ ಬಿಟ್ಟುಬಿಡಿ.) ಸ್ಟ್ರಿಕ್ನಿನ್ ಇರುವ ಟಾನಿಕ್ಕಿಗೆ ಬ್ರೋಮೈಡ್ ಸೇರಿಸಿದರೆ ವಿಷ ಗಸಿಯಂತೆ ತಳಕ್ಕಿಳಿಯುತ್ತದೆ. ದಿನವೂ ಕುಡಿದವರಿಗೆ ಏನೂ ಆಗುವುದಿಲ್ಲ, ಕೊನೆಯ ಗುಟುಕೇ ಪ್ರಾಣ ತೆಗೆಯುತ್ತದೆ. 1916ರಲ್ಲಿ ಬರೆದ ಕಾದಂಬರಿಯನ್ನು ಹಲವು ಪ್ರಕಾಶಕರು ವಾಪಸು ಕಳಿಸಿದರು, ಅಚ್ಚಾದದ್ದು 1920ರಲ್ಲಿ. ಆಕೆಯ ಕೈಗೆ ಬಂದದ್ದೂ ಅದೇ 25 ಪೌಂಡ್! ಔಷಧ ವೃತ್ತಿಯವರ ಪತ್ರಿಕೆ 'ಫಾರ್ಮಾಸ್ಯೂಟಿಕಲ್ ಜರ್ನಲ್' ವಿಷದ ವಿವರ ಸರಿಯಾಗಿದೆ ಎಂದು ಮೆಚ್ಚಿತು. ಆ ಮೆಚ್ಚುಗೆ ಆಕೆಗೆ ತುಂಬ ಹಿತವಾಗಿತ್ತು.

ಅಮೆರಿಕದ ಡ್ಯಾಶಿಯೆಲ್ ಹ್ಯಾಮೆಟ್ ಪಿಂಕರ್ಟನ್ ಸಂಸ್ಥೆಯಲ್ಲಿ ನಿಜವಾಗಿಯೂ ಪತ್ತೇದಾರನಾಗಿದ್ದ. ಕ್ಷಯ ಅಂಟಿ ಓಡಾಡಲಾಗದೆ ಲೇಖನಿ ಹಿಡಿದ. ರೇಮಂಡ್ ಚಾಂಡ್ಲರ್ 1932ರಲ್ಲಿ ಕುಡಿತದಿಂದ ತೈಲ ಕಂಪನಿಯ ಕೆಲಸ ಕಳೆದುಕೊಂಡಾಗ ವಯಸ್ಸು 44. ಐದು ತಿಂಗಳು ತಿದ್ದಿ ಬರೆದ ಮೊದಲ ಕಥೆಗೆ 180 ಡಾಲರ್ ಸಿಕ್ಕಿತು. ಹೊಟ್ಟೆಪಾಡಿನ ಬರಹಕ್ಕೆ ಐದು ತಿಂಗಳು ಯಾರು ಸವೆಸುತ್ತಾರೆ? ದುಡ್ಡು ಅವನನ್ನು ಬಾಗಿಲವರೆಗೆ ತಂದಿರಬಹುದು, ಒಳಗೆ ಕೂರಿಸಿದ್ದು ಬೇರೆ ಏನೋ.

ಕನ್ನಡದಲ್ಲೂ ಈ ಕಸುಬಿನವರಿದ್ದರು. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೆಯ ತರಗತಿವರೆಗೆ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ವಿಮರ್ಶಕರು ಬದಿಗೆ ಸರಿಸಿದ ಅವರ ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿಯೇ ಎಷ್ಟೋ ಮಂದಿ ಕನ್ನಡ ಪುಸ್ತಕದ ರುಚಿ ಕಂಡರು. ಇನ್ನೊಬ್ಬರು ಮ. ರಾಮಮೂರ್ತಿ. ಬೆಂಗಳೂರಿನಲ್ಲಿ ಕನ್ನಡಕ್ಕಾಗಿ ಬೀದಿಗಿಳಿದವರು. ಕನ್ನಡಕ್ಕೆ ಓದುಗರೂ ಬೇಕಿದ್ದ ಕಾಲ ಅದು. ನವೆಂಬರ್ ಬಂದರೆ ಊರೂರಲ್ಲಿ ಹಾರುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದ್ದು ಈ ಪತ್ತೇದಾರಿ ಕಾದಂಬರಿಕಾರರೇ.